ಇಪ್ಪತ್ತೇಳೋ ಮೂವತ್ತೆಂಟೋ

ಇಪ್ಪತ್ತೇಳು ಅಡಿಯ ದೋಣಿಯೋ ಮೂವತ್ತೆಂಟು ಅಡಿಯದೋ ಎಂದು ಮಧ್ಯಾಹ್ನ ಹನ್ನೆರಡರೊಳಗೆ ಹೇಳಬೇಕಿತ್ತು. ಬಡಗಿಗೆ ಬೆಳಿಗ್ಗೆಯಿಂದ ಮುಟ್ಟಿದ್ದೆಲ್ಲ ಎದುರು ಬೀಳುತ್ತಿತ್ತು. ಎದ್ದ ಕೂಡಲೆ ಚಪ್ಪಲಿಯ ಬಾರು ಕಿತ್ತುಹೋಯಿತು. ಪೆನ್ಸಿಲು ಕೆತ್ತಲು ಹೋದರೆ ಮೊನೆ ಮೂರು ಸಲ ಮುರಿಯಿತು. ಈಗ ಚಿಕ್ಕ ದೋಣಿಯ ಹೊಟ್ಟೆಯೊಳಗೆ ಮಂಡಿಯೂರಿ ಮಲಗುವ ಹಲಗೆಯನ್ನು ಅಳೆಯುತ್ತಿದ್ದರೆ ಅಳತೆಪಟ್ಟಿ ಸರ್ರನೆ ಒಳಕ್ಕೆ ಸುತ್ತಿಕೊಂಡು ಹೆಬ್ಬೆರಳಿಗೆ ಬಡಿಯಿತು. ಅವನು ಅದಕ್ಕೆ ಬೈದ. ಅಳತೆಪಟ್ಟಿಗೆ, ಹಲಗೆಗೆ, ಹಲಗೆ ಮಾಡಿದ ಯಾರೋ ಅಪರಿಚಿತ ಬಡಗಿಯ ವಂಶಕ್ಕೆ. ಅಳೆಯುತ್ತಿರುವುದು ಇದು ಮೂರನೇ ಸಲ. ಮೊನ್ನೆ ಆರಡಿ ಎರಡಂಗುಲ ಇತ್ತು, ನಿನ್ನೆಯೂ ಅಷ್ಟೇ ಇತ್ತು, ಇವತ್ತು ಬೆಳೆದಿರಲು ಅದೇನು ಸೋರೆಬಳ್ಳಿಯೇ? ಹಲಗೆಯ ಮೇಲೆ ತನಗೆ ಯಾವ ಅನುಮಾನವೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದುದು ಮೇಲಿನಿಂದ ಕೆಳಗಿಳಿಯುವ ಮೆಟ್ಟಿಲಿಗೆ. ನಾಲ್ಕೇ ನಾಲ್ಕು ಮೆಟ್ಟಿಲು. ಮೆಟ್ಟಿಲೆನ್ನುವುದಕ್ಕಿಂತ ಏಣಿ ಎನ್ನಬಹುದು, ಅಷ್ಟು ಕಡಿದು. ಮೊದಲ ದಿನ ಈ ದೋಣಿಗೆ ಕಾಲಿಟ್ಟಾಗ ಅವನು ಎಲ್ಲಕ್ಕಿಂತ ಮೊದಲು ಅಳೆದದ್ದು ಆ ಏಣಿಯ ಓರೆಯನ್ನೇ. ಅಳೆದು, ಇದನ್ನು ಹೆಂಡತಿಯ ಕೆಟ್ಟ ಕಾಲು ಇಳಿಯಲಾರದು ಎಂದು ಖಾತ್ರಿಯಾದ ಗಳಿಗೆಯಲ್ಲಿ ಎದೆಯೊಳಗೆ ಏನೋ ಹಗುರಾಗಿತ್ತು. ಆ ಹಗುರವನ್ನು ನೆನೆದರೆ ಈಗಲೂ ಬೆವರುತ್ತದೆ.

ಎರಡಕ್ಕೂ ಒಂದೇ ಬೆಲೆ. ತೊಡಕಿದ್ದುದೇ ಅಲ್ಲಿ. ಚಿಕ್ಕದು ಆರು ವರ್ಷದ್ದು, ಒಂದೇ ಕೈಯಲ್ಲಿ ಬಾಳಿದ್ದು, ಹಗ್ಗದ ಗಂಟು ಕೂಡ ಬಿಗಿಯಾಗಿದೆ. ದೊಡ್ಡದು ಮೂವತ್ತು ವರ್ಷದ್ದು, ಮೂರು ಕೈ ಬದಲಾಗಿದೆ, ಒಳಗೆ ಎದ್ದು ನಿಂತು ಅಂಗಿ ಹಾಕಿಕೊಳ್ಳುವಷ್ಟು ಎತ್ತರ, ಅಡುಗೆಗೆ ಬೇರೆ ಮೂಲೆ, ಮಲಗಲು ಎರಡು ಕೋಣೆ, ಇಳಿಯಲು ಮನೆಯ ಮೆಟ್ಟಿಲಿನಂಥ ಅಗಲವಾದ ಆರು ಮೆಟ್ಟಿಲು. ತೇಲುಸೇತುವೆಯ ಆಚೆ ಒಂದು ಈಚೆ ಒಂದು ಕಟ್ಟಿದ್ದಾರೆ, ಮದುವೆಗೆ ಗಂಡು ತೋರಿಸುವ ಹಾಗೆ. ದೋಣಿ ದಲ್ಲಾಳಿಯಂತೂ ಎರಡೂ ಕಡೆಯ ಹಿರಿಯನ ಹಾಗೆ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ. ‘ಚಿಕ್ಕದು ತಗೊಂಡೋರು ಎರಡು ವರ್ಷಕ್ಕೆ ದೊಡ್ಡದು ಬೇಕು ಅಂತ ಬರ್ತಾರೆ. ದೊಡ್ಡದು ತಗೊಂಡೋರು ಎರಡು ವರ್ಷಕ್ಕೆ ಸಾಕಪ್ಪಾ ಮಾರ್ಕೊಡಿ ಅಂತ ಬರ್ತಾರೆ. ನನಗೆ ಎರಡೂ ಒಂದೇ ಯಜಮಾನ್ರೇ’ ಎಂದು ಮೊನ್ನೆ ನಕ್ಕಿದ್ದ. ಇವತ್ತು ಮಾತ್ರ ಹನ್ನೆರಡಕ್ಕೆ ಬೇರೆ ಗಿರಾಕಿ ಬರುತ್ತಾರೆ, ಆಮೇಲೆ ತನ್ನನ್ನು ಕೇಳಬೇಡಿ ಎಂದು ಗಡಿಯಾರ ತೋರಿಸಿದ್ದಾನೆ.

ಐವತ್ತೈದು ತುಂಬಿದ ಮೇಲೆ ಮನೆಗೆ ಬೀಗ ಹಾಕಿ, ದೋಣಿಯಲ್ಲಿ ಎರಡು ವರ್ಷ ದಡ ಹಿಡಿದು ಹೋಗೋಣ ಎಂದು ಮೊದಲು ಹೇಳಿದವಳು ಹೆಂಡತಿಯೇ. ಅವಳು ಈ ಬಂದರಿನ ಹಾಯಿ ಹೊಲಿಯುವ ಹಜಾರದಲ್ಲಿ ಇಪ್ಪತ್ತಾರು ವರ್ಷದಿಂದ ಹಾಯಿ ಹೊಲಿಯುತ್ತಾಳೆ. ಎಷ್ಟು ಹಾಯಿ ಅವಳ ಸೂಜಿಯ ಕೆಳಗೆ ಹಾದು ಎಲ್ಲೆಲ್ಲಿಗೆ ಹೋಗಿವೆಯೋ, ಅವಳು ಮಾತ್ರ ಈ ಸೇತುವೆಯ ತುದಿ ದಾಟಿದವಳಲ್ಲ. ಅವನು ದಾಟಿದ್ದ. ಮೂರು ವರ್ಷದ ಹಿಂದೆ ಒಬ್ಬ ಶ್ರೀಮಂತ ತನ್ನ ದೋಣಿಯ ಒಳಕೆಲಸ ಮುಗಿಯದಿದ್ದಾಗ, ದಾರಿಯಲ್ಲೇ ಮುಗಿಸು ಬಾ ಎಂದು ಬಡಗಿಯನ್ನೂ ಉಳಿಬಾಚಿಯನ್ನೂ ಹತ್ತಿಸಿಕೊಂಡಿದ್ದ. ನಲವತ್ತು ದಿನ. ಹಾಯಿ ಏರಿಸುವುದು, ಇಳಿಸುವುದು, ಗಾಳಿಯ ಮೂತಿ ನೋಡಿ ಚುಕ್ಕಾಣಿ ತಿರುಗಿಸುವುದು, ಎಲ್ಲವನ್ನೂ ಅವನು ಆ ನಲವತ್ತು ದಿನದಲ್ಲಿ ಕಲಿತ. ಹದಿನೈದನೆಯ ದಿನವೋ ಹದಿನಾರನೆಯ ದಿನವೋ, ಒಂದು ಕಪಾಟಿನ ಬಾಗಿಲಿಗೆ ಉಜ್ಜುಕಾಗದ ಹಾಕುತ್ತ ಕುಳಿತಿದ್ದಾಗ, ತಾನು ಗುನುಗುತ್ತಿದ್ದೇನೆ ಎಂದು ಅವನಿಗೆ ತಿಳಿಯಿತು. ಯಾಕೆ ಇಷ್ಟು ಸುಖ ಎಂದು ಹುಡುಕಿದ. ಗಾಳಿಯಲ್ಲ, ನೀರಲ್ಲ. ಆ ಸಪ್ಪಳ ಇರಲಿಲ್ಲ, ಅಷ್ಟೆ. ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಎಳೆತ. ಮನೆಯ ನೆಲದ ಮೇಲೆ ಬೆಳಗಾದರೆ ಶುರುವಾಗುವ ಅವಳ ಕಾಲಿನ ಸಪ್ಪಳ. ಅದು ಗೊತ್ತಾದ ಮೇಲೆ ಗುನುಗುವುದು ನಿಂತುಹೋಯಿತು, ಆದರೆ ಸುಖ ಮಾತ್ರ ನಾಚಿಕೆಯಿಲ್ಲದೆ ಉಳಿದುಕೊಂಡಿತು.

‘ಭಾವ! ಒಳಗಿದೀರಾ?’ ಎಂದು ಮೇಲಿನಿಂದ ಭಾವಮೈದ ಕೂಗಿದ. ಹೆಂಡತಿಯ ತಮ್ಮ. ವಿಮಾ ಕಚೇರಿಯಲ್ಲಿ ಗುಮಾಸ್ತ. ಯಾರ ಮನೆಯಲ್ಲಿ ಏನು ಕೊಂಡರೂ ತನ್ನನ್ನು ಕೇಳಿಯೇ ಕೊಳ್ಳಬೇಕು ಎನ್ನುವ ಜಾತಿಯವನು. ರಜೆ ಹಾಕಿ ಬಂದಿದ್ದ. ಕೈಯಲ್ಲಿ ಒಂದು ಹಾಳೆ ಬೇರೆ, ಗೆರೆ ಎಳೆದು ಎಡಕ್ಕೆ ಚಿಕ್ಕದು ಬಲಕ್ಕೆ ದೊಡ್ಡದು ಎಂದು ಬರೆದದ್ದು. ಬಡಗಿ ತಲೆ ಹೊರಹಾಕಿದ.

‘ಏನಪ್ಪಾ, ನಿಮ್ಮ ಸಾಹೇಬರು ರಜಾ ಕೊಟ್ರಾ?’

‘ಅಕ್ಕ ಭಾವ ದೋಣಿ ತಗೊಳ್ತಿದಾರೆ ಅಂದೆ, ಅವರೇ ಹೋಗು ಅಂದ್ರು. ಬನ್ನಿ ಬನ್ನಿ, ಈ ಗೂಡೊಳಗೆ ಏನು ಮಾಡ್ತಿದೀರ? ದೊಡ್ಡದನ್ನ ನೋಡೋಣ. ನಾನು ಹದಿನೇಳು ಕಾರಣ ಬರೆದಿದೀನಿ.’

‘ಚಿಕ್ಕದಕ್ಕೆ ಎಷ್ಟು ಬರೆದೆ?’

‘ಮೂರು.’ ಅವನು ಹಾಳೆ ನೋಡಿಕೊಂಡ. ‘ಅದರಲ್ಲೂ ಒಂದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೀನಿ.’

ಬಡಗಿಗೆ ಮೈ ಉರಿಯಿತು. ಆದರೂ ಹಿಂದೆ ಹೋದ. ದೊಡ್ಡ ದೋಣಿಯ ಮೆಟ್ಟಿಲನ್ನು ಭಾವಮೈದ ಎರಡು ಕೈ ಜೇಬಿನಲ್ಲಿಟ್ಟುಕೊಂಡೇ ಇಳಿದ, ಸಿನಿಮಾ ಮಂದಿರದೊಳಕ್ಕೆ ಹೋಗುವವನ ಹಾಗೆ. ‘ನೋಡಿ, ಇಲ್ಲಿ ನೀವಿಬ್ರು. ಮುಂದಿನ ಕೋಣೇಲಿ ನಾನು. ಅಲ್ಲಲ್ಲ, ಯಾವಾಗ್ಲೂ ಅಲ್ಲ, ರಜಾ ಇದ್ದಾಗ. ಇಷ್ಟು ದೊಡ್ಡ ದೋಣಿಗೆ ಇನ್ನೊಬ್ಬ ಗಂಡಸು ಬೇಕೇಬೇಕಲ್ಲ. ಅಕ್ಕನ ಕೈಲಿ ಏನಾಗುತ್ತೆ, ಪಾಪ.’ ಹದಿನೇಳು ಕಾರಣಗಳಲ್ಲಿ ಹದಿನಾರು ಸುಳ್ಳು, ಇದೊಂದೇ ನಿಜ ಎಂದು ಬಡಗಿಗೆ ಹೊಳೆಯಿತು. ಎರಡು ವರ್ಷ, ಅಲೆಯ ಮೇಲೆ, ಈ ಬಾಯಿಯ ಜೊತೆ! ಭಾವಮೈದ ಮಾತಾಡುತ್ತಲೇ ಅಡುಗೆ ಮೂಲೆಯ ಕಪಾಟಿನ ಬಾಗಿಲು ಎಳೆದ. ಅದು ಕಚ್ಚಿಕೊಂಡಿತ್ತು. ಇನ್ನೊಮ್ಮೆ ಎಳೆದ. ಮೂರನೇ ಸಲ ಕಾಲು ಕೊಟ್ಟು ಎಳೆದಾಗ ಅದು ಫಟ್ಟನೆ ತೆರೆದುಕೊಂಡು ಅವನು ಹಿಂದಕ್ಕೆ ವಾಲಿದ. ‘ಯಾವ ಪುಣ್ಯಾತ್ಮ ಮಾಡಿದ್ದೋ! ಭಾವ, ಇದೊಂದನ್ನ ನೀವು ಕಿತ್ತು ಬೇರೆ ಮಾಡಿಬಿಡಿ.’ ಬಾಗಿಲ ಒಳಮೈಯಲ್ಲಿ, ಕೀಲಿನ ಪಕ್ಕ, ಪೆನ್ಸಿಲಿನಲ್ಲಿ ಬರೆದ ಸಣ್ಣದೊಂದು ಗುರುತಿತ್ತು, ಬಾಣದ ಮೇಲೆ ಎರಡು ಚುಕ್ಕೆ. ಹತ್ತೊಂಬತ್ತು ವರ್ಷದ ಹಿಂದಿನ ತನ್ನದೇ ಗುರುತು. ಹಸಿ ಮರದಲ್ಲಿ ಆತುರಾತುರವಾಗಿ ಮಾಡಿಕೊಟ್ಟ ಕೆಲಸ. ‘ಮರ ಉಬ್ಬಿದೆ, ಅಷ್ಟೆ’ ಎಂದ ಬಡಗಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ಗುರುತನ್ನು ಕತ್ತಲೆಗೆ ತಳ್ಳಿದ. ನಾನೇ ಮಾಡಿದ್ದು ಕಣೋ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು? ನಾಲಿಗೆ ಆ ಕಡೆ ತಿರುಗಲೇ ಇಲ್ಲ. ಅದಕ್ಕೆ ತಿರುಗಿ ಅಭ್ಯಾಸ ತಪ್ಪಿಹೋಗಿತ್ತು.

ಊರವರ ಅಡುಗೆಮನೆ, ಊರವರ ಕಪಾಟು ಎಲ್ಲ ಮುಗಿಸಿ ತನ್ನ ಮನೆಗೆ ಮೆಟ್ಟಿಲು ಮಾಡಿದಾಗ ಅವನಿಗೆ ಎಷ್ಟು ಜಂಬವಿತ್ತು. ಹದಿಮೂರು ಮೆಟ್ಟಿಲು. ಗಟ್ಟಿ ಮರ, ಒಂದು ಮೊಳೆಯೂ ಕಣ್ಣಿಗೆ ಕಾಣುವಂತಿಲ್ಲ. ಮೆಟ್ಟಿಲಿನ ಕೆಲಸದಲ್ಲಿ ಇರುವುದು ಒಂದೇ ನೇಮ: ಎತ್ತರ ಎಲ್ಲದಕ್ಕೂ ಸಮ ಇರಬೇಕು. ಕಾಲು ಮೊದಲೆರಡು ಮೆಟ್ಟಿಲಲ್ಲಿ ಲೆಕ್ಕ ಕಲಿತುಬಿಡುತ್ತದೆ, ಆಮೇಲೆ ಕಣ್ಣನ್ನು ಕೇಳುವುದಿಲ್ಲ. ಅವನು ಸಮವಾಗಿಯೇ ಮಾಡಿದ್ದ. ಕೆಳಗೆ ಆಗ ಬರಿ ಸಿಮೆಂಟು ನೆಲ. ಮುಂದಿನ ವರ್ಷ ಅದರ ಮೇಲೆ ಗಾರೆ ಹಾಕಿ ಹಂಚು ಕೂರಿಸಿದರು, ನೆಲ ಎರಡು ಬೆರಳು ಮೇಲೆದ್ದಿತು. ಕೆಳಗಿನ ಮೆಟ್ಟಿಲು ಎರಡು ಬೆರಳು ಗಿಡ್ಡವಾಯಿತು. ಕಸುಬು ಕಲಿಯುವ ಮೊದಲ ವರ್ಷವೇ ಗುರು ಕಪಾಳಕ್ಕೆ ಹೊಡೆದು ಹೇಳಿಕೊಟ್ಟ ಪಾಠ, ನೆಲ ಮುಗಿಯುವ ಮೊದಲು ಮೆಟ್ಟಿಲು ಅಳೆಯಬೇಡ ಎಂದು. ಪರರ ಮನೆಯಲ್ಲಿ ಎಂದೂ ಮಾಡದ ತಪ್ಪು. ತನ್ನ ಮನೆಯಲ್ಲವೇ, ಅಳೆಯುವುದೇನು ಎಂಬ ಉಡಾಫೆ. ಹೊಸ ನೆಲ ಬಂದ ಎಂಟನೇ ದಿನ ಹೆಂಡತಿ ಎರಡು ತೋಳಲ್ಲಿ ಹಾಯಿಬಟ್ಟೆಯ ಸುರುಳಿ ತಬ್ಬಿಕೊಂಡು ಇಳಿದಳು. ಕಾಲು ತನ್ನ ಲೆಕ್ಕ ಹಾಕಿತ್ತು, ನೆಲ ಅದಕ್ಕಿಂತ ಮೊದಲೇ ಬಂದು ಕಾಲಿಗೆ ಗುದ್ದಿತು. ಮಂಡಿಚಿಪ್ಪು ಮೂರು ಹೋಳು. ಅವನು ಓಡಿಬಂದ, ಪಕ್ಕದ ಕೋಣೆಯಿಂದ ಇದೇ ಭಾವಮೈದನೂ ಓಡಿಬಂದ. ಬಡಗಿಯ ಬಾಯಿಂದ ಮೊದಲು ಹೊರಟ ಮಾತು: ‘ಕಣ್ಣು ಎಲ್ಲಿಟ್ಟಿದ್ದೆ? ನೋಡ್ಕೊಂಡು ಇಳಿಯೋಕಾಗಲ್ವಾ?’ ಹೇಳುವಾಗಲೇ ಅವನ ಕಣ್ಣು ಕೊನೆಯ ಮೆಟ್ಟಿಲ ಮೇಲಿತ್ತು. ನೋಡಿದ ಕೂಡಲೆ ತಿಳಿದಿತ್ತು.

ಅವಳು ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನದಲ್ಲಿ ಅವನು ಎತ್ತರ ಮತ್ತೆ ಸಮವಾಗುವಂತೆ ಹದಿಮೂರು ಹಲಗೆ ಕೊಯ್ದ. ಕೆಳಗಿನ ಮೆಟ್ಟಿಲ ಮೇಲೆ ಹೊದಿಸಲು ಹೆಚ್ಚುಕಡಿಮೆ ಎರಡು ಬೆರಳು ದಪ್ಪದ್ದು, ಅದರ ಮೇಲಿನದಕ್ಕೆ ಅದಕ್ಕಿಂತ ತುಸುವೇ ತೆಳುವಾದದ್ದು, ಹೀಗೆ ಇಳಿಸುತ್ತ ಇಳಿಸುತ್ತ ಎಲ್ಲಕ್ಕಿಂತ ಮೇಲಿನದಕ್ಕೆ ಹಪ್ಪಳದಂಥದು. ಅವನ ಕಸುಬಿನಲ್ಲೇ ಅಷ್ಟು ನಾಜೂಕಿನ ಕೆಲಸ ಇನ್ನೊಂದಿಲ್ಲ, ಯಾರಿಗೂ ತೋರಿಸುವಂತಿಲ್ಲ. ಅವಳು ಊರುಗೋಲಿನ ಮೇಲೆ ಬಂದಾಗ ‘ಹಳೇ ಹಲಗೆ ಜಾರ್ತಿತ್ತು, ಹೊಸದು ಹಾಕಿದೆ’ ಎಂದ. ‘ಹೂಂ, ಚೆನ್ನಾಗಿದೆ’ ಎಂದಳು. ಅಲ್ಲಿಗೆ ಮುಗಿಯಿತು. ಮುಗಿಯಿತೆಂದರೆ, ಅವನ ಬಾಯಿಂದ ಬಿದ್ದ ಆ ಮಾತನ್ನು ಅವಳ ತವರಿನವರು ಎತ್ತಿಕೊಂಡರು. ಅಕ್ಕನಿಗೆ ಯಾವಾಗಲೂ ಅವಸರ, ಅಕ್ಕ ಎಲ್ಲೋ ನೋಡಿಕೊಂಡು ಎಲ್ಲೋ ಕಾಲಿಡುತ್ತಾಳೆ. ಹೋದ ಕಡೆಯೆಲ್ಲ, ಹೊಸ್ತಿಲು ಕಂಡ ಕಡೆಯೆಲ್ಲ, ಹನ್ನೊಂದು ವರ್ಷದಿಂದ ಅದೇ ತಮಾಷೆ. ಅವಳು ನಗುತ್ತಿದ್ದಳು. ಅವನೂ ನಕ್ಕಿದ್ದಾನೆ, ಲೆಕ್ಕವಿಲ್ಲದಷ್ಟು ಸಲ.

ಹನ್ನೊಂದೂಕಾಲು ಗಂಟೆಗೆ ತೇಲುಸೇತುವೆಯ ಹಲಗೆಗಳು ಹೇಳಿದವು. ಒಂದು ಭಾರ, ಒಂದು ಎಳೆತ. ಹೆಂಡತಿ ಹಜಾರದಿಂದ ಬರುತ್ತಿದ್ದಳು, ಸೀರೆಯ ಸೆರಗಿನಲ್ಲಿ ಇನ್ನೂ ಬಿಳಿ ನೂಲಿನ ತುಣುಕು ಅಂಟಿಕೊಂಡೇ. ಬರುವುದಿಲ್ಲ ಎಂದಿದ್ದಳಲ್ಲ! ಎರಡು ವಾರದಿಂದ ಕೇಳಿದಾಗಲೆಲ್ಲ ‘ನೀವು ನೋಡಿ’ ಎಂದು ಬಾಯಿ ಮುಚ್ಚಿಸಿದ್ದವಳು ಇವತ್ತೇ ಯಾಕೆ ಬಂದಳು? ಬಡಗಿಗೆ ಅವಳ ಮೇಲೆ ಸಿಟ್ಟು ಬಂತು. ಬರುವುದಾದರೆ ಮೊದಲೇ ಬರಬೇಕಿತ್ತು, ಬರದಿದ್ದರೆ ಬರಲೇಬಾರದಿತ್ತು.

‘ಅಕ್ಕ, ನೋಡ್ಕೊಂಡು! ಸಂದು ಇದೆ’ ಎಂದು ಭಾವಮೈದ ಕೂಗಿದ. ದಲ್ಲಾಳಿ ಕುರ್ಚಿಯಿಂದ ಎದ್ದ.

‘ಕಾಣ್ತಿದೆ ಕಣೋ’ ಎಂದಳು. ದೊಡ್ಡ ದೋಣಿಯ ಹತ್ತಿರ ನಿಂತು, ಮಡಚಿ ಕಟ್ಟಿದ್ದ ಹಾಯಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ‘ಇದು ನನ್ನದೇ ಹೊಲಿಗೆ. ನಾಲ್ಕು ವರ್ಷ ಆಯ್ತು. ಇಬ್ರು ಗಂಡಸರು ಹೆಗಲ ಮೇಲೆ ಹೊತ್ಕೊಂಡು ಬಂದು ಮೇಜಿನ ಮೇಲೆ ಕೆಡವಿದ್ರು. ಆಮೇಲೆ ಒಬ್ಬ ಸೊಂಟ ಹಿಡ್ಕೊಂಡು ಕೂತ್ಕೊಂಡ. ಗಾಳಿ ಬಂದಾಗ ಇದನ್ನ ಇಳಿಸೋರು ಯಾರು?’

‘ನಾನಿಲ್ವಾ ಅಕ್ಕ?’

‘ನೀನು ಬರೋದಾದ್ರೆ ನಾನು ಮನೇಲೇ ಇರ್ತೀನಿ.’ ಅವಳು ನಕ್ಕಳು, ತಮ್ಮನೂ ನಕ್ಕ, ಆದರೆ ಹಾಳೆ ಮಡಚಿ ಜೇಬಿಗಿಟ್ಟ. ಅವಳು ಬಡಗಿಯ ಕಡೆ ತಿರುಗಿದಳು. ‘ನೀವು ಏನೂ ಹೇಳಲಿಲ್ಲ.’

ಹೇಳಲು ಅವನಲ್ಲಿ ಎರಡು ಮಾತಿದ್ದವು. ಒಂದು, ಚಿಕ್ಕದು ಸಾಕು, ಒಬ್ಬನೇ ನಡೆಸಬಹುದು. ಆ ‘ಒಬ್ಬನೇ’ ಎಂಬುದು ನಾಲಿಗೆಯ ಮೇಲೆ ಸಣ್ಣ ಮೊಳೆಯ ಹಾಗೆ ಎರಡು ವಾರದಿಂದ ಕುಳಿತಿತ್ತು. ಇನ್ನೊಂದು, ದೊಡ್ಡದೇ ಇರಲಿ. ಚಿಕ್ಕದು ಎಂದರೆ ಅವಳು ದಡದಲ್ಲಿ, ದೊಡ್ಡದು ಎಂದರೆ ಇವನು ಭಾವಮೈದನ ಕೈಯಲ್ಲಿ. ‘ಚಿಕ್ಕದೇ ವಾಸಿ ಅನ್ಸುತ್ತೆ’ ಎಂದ, ಯಾರನ್ನೋ ಬೈಯುವ ದನಿಯಲ್ಲಿ.

‘ಸರಿ, ಒಳಗೆ ನೋಡ್ತೀನಿ.’

‘ಬೇಡ! ಒಳಗೇನಿದೆ ನೋಡೋಕೆ? ಏಣಿ ಕಡಿದಾಗಿದೆ, ನಿನ್ನ ಕೈಲಾಗಲ್ಲ.’

‘ಎರಡೂ ಒಂದೇ ಥರ ಅಂದಿದ್ರಲ್ಲ’ ಎಂದಳು ಅವಳು. ದನಿ ಏರಿಸಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಹೌದು, ಹೋದ ಸೋಮವಾರ ಊಟಕ್ಕೆ ಕುಳಿತಾಗ ಅವಳು ಮೆಟ್ಟಿಲು ಹೇಗಿದೆ ಎಂದು ಕೇಳಿದ್ದಳು, ಇವನು ಎರಡೂ ಒಂದೇ ಥರ ಎಂದು ತಟ್ಟೆಗೆ ಹೇಳಿದ್ದ. ಅವಳು ಚಿಕ್ಕ ದೋಣಿಯ ಅಂಚಿನ ತಂತಿ ಹಿಡಿದು, ಕೆಟ್ಟ ಕಾಲನ್ನು ಕೈಯಿಂದ ಎತ್ತಿ ಆಚೆ ಇಟ್ಟು ಹತ್ತಿಬಿಟ್ಟಳು. ದೋಣಿ ಒಂದಿಷ್ಟು ವಾಲಿ ಅವಳನ್ನು ಒಪ್ಪಿಕೊಂಡಿತು. ‘ಅಕ್ಕ, ನೋಡ್ಕೊಂಡು, ಬಿದ್ದುಗಿದ್ದೀಯ!’ ಎಂದು ಭಾವಮೈದ ಸೇತುವೆಯ ಮೇಲಿಂದ ಕೈ ಚಾಚಿದ. ಬಡಗಿ ಹಿಂದೆಯೇ ಹಾರಿ ಅವಳ ರಟ್ಟೆ ಹಿಡಿಯಲು ಹೋದ. ಅವಳು ಆ ಕೈಯನ್ನು ಸೊಳ್ಳೆಯನ್ನು ಓಡಿಸುವಂತೆ ಸರಿಸಿ, ಏಣಿಗೆ ಮುಖ ಮಾಡಿ, ಬೆನ್ನನ್ನು ಒಳಗಿನ ಕತ್ತಲೆಗೆ ಕೊಟ್ಟು ಎರಡೂ ಪಕ್ಕದ ಹಿಡಿಗಳನ್ನು ಹಿಡಿದಳು. ಕೆಟ್ಟ ಕಾಲು ಮೊದಲು ಕೆಳಗೆ. ತೂಕವೆಲ್ಲ ತೋಳುಗಳ ಮೇಲೆ. ಇಪ್ಪತ್ತಾರು ವರ್ಷ ಹಾಯಿಬಟ್ಟೆ ಎಳೆದಾಡಿದ ತೋಳುಗಳು. ಇವನು ಓರೆ ಅಳೆದಿದ್ದ, ಎತ್ತರ ಅಳೆದಿದ್ದ, ಮಂಡಿ ಎಷ್ಟು ಮಡಚುತ್ತದೆ ಎಂದು ಮನಸ್ಸಿನಲ್ಲೇ ಅಳೆದಿದ್ದ. ಆ ತೋಳುಗಳನ್ನು ಅಳೆಯುವುದು ಹೊಳೆದೇ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು. ತಲೆ ಮರೆಯಾಯಿತು. ಒಳಗೆ ಒಂದು ಭಾರ, ಒಂದು ಎಳೆತ, ಒಂದು ಭಾರ. ಅಷ್ಟರಲ್ಲಿ ದೋಣಿಯ ಉದ್ದ ಮುಗಿದು ಅವಳು ಹಲಗೆಯ ಮೇಲೆ ಕುಳಿತ ಶಬ್ದ.

‘ಮೆಟ್ಟಿಲು ಎಲ್ಲಾ ಒಂದೇ ಎತ್ತರ ಇದೆ ಕಣ್ರೀ’ ಎಂದು ಒಳಗಿನಿಂದ ಅವಳ ದನಿ ಬಂತು. ‘ನೀವು ಮಾಡಿದ್ದಲ್ಲ ಅಂತ ಕಾಲಿಗೇ ಗೊತ್ತಾಯ್ತು.’

ಭಾವಮೈದ ದೊಡ್ಡದಾಗಿ ನಕ್ಕ. ‘ಏನಕ್ಕಾ, ಭಾವನ ಕಸುಬಿಗೇ ಕೈ ಹಾಕ್ತೀಯಲ್ಲ!’ ದಲ್ಲಾಳಿಯೂ ಜೊತೆಗೆ ನಕ್ಕ, ಗಿರಾಕಿ ನಕ್ಕರೆ ನಗಬೇಕು ಎನ್ನುವ ಹಾಗೆ. ಬಡಗಿ ಏಣಿಯ ಬಾಯಲ್ಲಿ ಬಗ್ಗಿ ನಿಂತಿದ್ದ.

‘ಯಾವಾಗಿಂದ ಗೊತ್ತು?’ ಎಂದ ಅವನು, ಒಳಗಿನ ಕತ್ತಲೆಗೆ.

‘ಆಸ್ಪತ್ರೆಯಿಂದ ಬಂದ ದಿವಸದಿಂದ. ಕೆಳಗಿನ ಹಲಗೆ ದಪ್ಪ, ಮೇಲಿನದು ತೆಳು. ಬರಿ ಜಾರೋದಕ್ಕೆ ಹಾಕಿದ್ರೆ ಎಲ್ಲಾ ಒಂದೇ ಥರ ಇರ್ತಿತ್ತು. ನಾನೂ ಅಳತೆ ಮೇಲೇ ಬದುಕಿದೋಳು.’

‘ಮತ್ತೆ ಬಾಯಿ ಬಿಡಬಾರದಾಗಿತ್ತಾ? ಹನ್ನೊಂದು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ಯಲ್ಲ, ನೀನೇನು ಮನುಷ್ಯಳಾ?’ ಅವನು ಕೂಗುತ್ತಿದ್ದ. ಕೂಗುವ ಹಕ್ಕು ತನಗಿಲ್ಲ ಎಂದು ಗೊತ್ತಿದ್ದೂ ಕೂಗುತ್ತಿದ್ದ, ಬೇರೆ ಏನು ಮಾಡಬೇಕೆಂದು ತಿಳಿಯದೆ.

‘ನನಗೆ ಹೇಳೋಕೆ ಏನಿತ್ತು? ಹೇಳಬೇಕಾದೋರು ನೀವು.’ ಅವಳು ಕುಳಿತ ಹಲಗೆಯನ್ನು ಅಂಗೈಯಿಂದ ತಟ್ಟಿದ ಸದ್ದು ಬಂತು. ‘ನನಗೆ ಹೇಳೋದೂ ಬೇಡ ಈಗ. ಅಲ್ಲಿ ನಿಂತಿದಾನಲ್ಲ, ಅವನಿಗೆ ಹೇಳಿ. ಅಕ್ಕ ನೋಡ್ಕೊಂಡು, ಅಕ್ಕ ನೋಡ್ಕೊಂಡು ಅಂತ ಕೇಳಿ ಕೇಳಿ ಸಾಕಾಗಿದೆ ನನಗೆ.’

ಬಡಗಿ ನೆಟ್ಟಗಾದ. ಸೊಂಟ ಹಿಡಿದುಕೊಂಡಿತು. ಭಾವಮೈದನ ಮುಖದಲ್ಲಿ ನಗು ಇನ್ನೂ ಇಳಿದಿರಲಿಲ್ಲ, ದಲ್ಲಾಳಿ ಗಡಿಯಾರ ನೋಡುತ್ತಿದ್ದ. ಇವರಿಬ್ಬರ ಎದುರಿಗೇ? ಈ ದಲ್ಲಾಳಿ ನಾಳೆ ಇಡೀ ಬಂದರಿಗೆ ಹಂಚುತ್ತಾನೆ. ಮೆಟ್ಟಿಲು ಸಮ ಮಾಡಲು ಬಾರದ ಬಡಗಿ ಎಂದು.

‘ಲೇ’ ಎಂದ ಭಾವಮೈದನಿಗೆ. ‘ನಿಮ್ಮಕ್ಕ ಅವಸರದಲ್ಲಿ ಬಿದ್ದಿದ್ದಲ್ಲ. ಕೊನೇ ಮೆಟ್ಟಿಲು ಗಿಡ್ಡ ಇತ್ತು. ನೆಲ ಹಾಕೋಕೆ ಮುಂಚೆ ಅಳೆದಿದ್ದೆ. ತಪ್ಪು ನನ್ನದು. ಗೊತ್ತಿದ್ದೇ ಅವಳಿಗೆ ಬೈದೆ.’

‘ಅದೆಲ್ಲ ಈಗ್ಯಾಕೆ ಭಾವ...’

‘ಸುಮ್ನೆ ಕೇಳಿಸ್ಕೊ! ಇನ್ನೊಂದು. ಆ ದೊಡ್ಡ ದೋಣಿ ಕಪಾಟಿನ ಬಾಗಿಲು. ಅದೂ ನಾನೇ ಮಾಡಿದ್ದು.’

ಭಾವಮೈದ ಜೇಬಿನಿಂದ ಹಾಳೆ ತೆಗೆದು, ಬಿಡಿಸದೆಯೇ ಮತ್ತೆ ಜೇಬಿಗೆ ತುರುಕಿದ. ಅವನನ್ನು ಬಡಗಿ ಹಾಗೆ ನೋಡಿದ್ದು ಅದೇ ಮೊದಲು. ದಲ್ಲಾಳಿ ಮೆಲ್ಲಗೆ ಕೆಮ್ಮಿ ‘ಯಜಮಾನ್ರೇ, ಹನ್ನೆರಡಾಗ್ತಾ ಬಂತು’ ಎಂದ.

‘ಕೇಳ್ತಿದಾರಲ್ಲ, ಹೇಳಿ’ ಎಂದಳು ಒಳಗಿನಿಂದ ಹೆಂಡತಿ. ‘ಚಿಕ್ಕದು ಅಂತ. ಹಾಯಿ ನನ್ನ ಕೈಗೆ ಬಗ್ಗುತ್ತೆ, ಏಣಿ ನನ್ನ ಕಾಲಿಗೆ ಬಗ್ಗಿತು. ಒಬ್ರೇ ಹೋಗೋ ಯೋಚನೆ ಇದ್ರೆ ಅದನ್ನೂ ಈಗಲೇ ಹೇಳಿಬಿಡಿ, ನಾನು ಹತ್ಕೊಂಡು ಬರ್ತೀನಿ. ಹತ್ತೋದು ಇಳಿಯೋದಕ್ಕಿಂತ ಸುಲಭ.’

ಅದನ್ನೂ ಅಳೆದಿದ್ದಾಳೆ. ಏನನ್ನು ಬಿಟ್ಟಿದ್ದಾಳೆ ಇವಳು? ಸಿಟ್ಟು ನೆತ್ತಿಗೇರಿತು. ಏರಿದ್ದು ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಹಾಗೇ ಇಳಿಯಿತು. ಈ ಇಪ್ಪತ್ತೇಳು ಅಡಿಯಲ್ಲಿ ಸಪ್ಪಳ ಮಾಡಲು ಅವಳಿಗೆ ಮೂರು ಹೆಜ್ಜೆಗಿಂತ ಹೆಚ್ಚು ಜಾಗವಿಲ್ಲ, ಅದನ್ನು ಕೇಳದೆ ಓಡಿಹೋಗಲು ತನಗೂ ಇಲ್ಲ.

‘ಚಿಕ್ಕದು’ ಎಂದ ದಲ್ಲಾಳಿಗೆ. ‘ಇಬ್ರಿಗೆ.’

‘ಯಾವ ಗಿರಾಕಿಗೂ ಇಷ್ಟು ಹೊತ್ತು...’ ಎಂದು ದಲ್ಲಾಳಿ ಗೊಣಗಿದ್ದು ಪೂರ್ತಿ ಕೇಳುವ ಮೊದಲೇ ಬಡಗಿ ಏಣಿಗೆ ಕಾಲಿಟ್ಟಿದ್ದ. ಮನೆಯ ಮೆಟ್ಟಿಲು ಇಳಿಯುವ ಹಾಗೆ, ಮುಖ ಮುಂದಕ್ಕೆ ಮಾಡಿ. ಮೊದಲ ಮೆಟ್ಟಿಲಿಗೇ ಹಿಮ್ಮಡಿ ಜಾರಿ ತಲೆ ತೊಲೆಗೆ ಬಡಿಯಿತು.

‘ತಿರುಗಿ ಇಳೀರಿ’ ಎಂದಳು ಅವಳು. ‘ಮುಖ ಮೆಟ್ಟಿಲ ಕಡೆ. ಕೈ ಬಿಡಬೇಡಿ. ನೋಡ್ಕೊಂಡು.’

ಅವನು ತಿರುಗಿದ. ಹಿಡಿಗಳು ಅವಳ ಅಂಗೈಯ ಬೆವರಿಗೆ ಇನ್ನೂ ಒದ್ದೆಯಾಗಿದ್ದವು. ಅವಳಿಗೆ ಬೆನ್ನು ಮಾಡಿಕೊಂಡು ಒಂದು ಇಳಿದ, ಎರಡು ಇಳಿದ, ಮೂರು. ಕಾಲು ಕೊನೆಯ ಮೆಟ್ಟಿಲನ್ನು ಹುಡುಕುತ್ತ ಗಾಳಿಯಲ್ಲಿ ನಿಂತಿತು. ಅಳತೆ ಅವನಿಗೆ ಬಾಯಿಪಾಠವಿತ್ತು. ಆದರೂ ಕಾಲು ನಂಬದೆ, ಹೆಬ್ಬೆರಳು ಚಾಚಿ, ತಡವುತ್ತ ತಡವುತ್ತ ಕೆಳಗೆ ಹೋಯಿತು.